ಸಿಂಬಿ ಜಾಗ

ಮಗಳ ತಲೆಯಲ್ಲಿ ಕೂದಲು ಹೋದ ಜಾಗವನ್ನು ಮೊದಲು ಕಂಡವಳು ಬಾಗಿಯೇ. ಆದರೆ ಅದಕ್ಕೆ ಹೆಸರಿಟ್ಟವಳು ಪಕ್ಕದ ಮನೆಯ ಅಮ್ಮಣ್ಣಿ. ಆ ಹೆಸರಿನ ಮೇಲಿನ ಸಿಟ್ಟು ಬಾಗಿಗೆ ಇವತ್ತಿಗೂ ಇಳಿದಿಲ್ಲ.

ಎರಡು ಸಾವಿರದ ಮೂರನೇ ಇಸವಿ, ಫೆಬ್ರವರಿ ತಿಂಗಳು. ಗಂಗೊಳ್ಳಿ ಬಂದರಿನಲ್ಲಿ ಬೆಳಿಗ್ಗೆ ಏಲಂನಲ್ಲಿ ಕೂಗಿ ಮೀನು ಕೊಂಡು, ತಲೆಯ ಮೇಲೆ ಬುಟ್ಟಿ ಹೊತ್ತು, ತ್ರಾಸಿ, ಹೊಸಾಡು ಎಂದು ಮನೆಮನೆ ತಿರುಗಿ ಬಾಗಿ ಮನೆ ಸೇರುವಾಗ ಮಧ್ಯಾಹ್ನ ದಾಟಿರುತ್ತಿತ್ತು. ಮಿಂದು ಉಂಡು, ಸಂಜೆ ಚಾವಡಿಯಲ್ಲಿ ಕೂತು ಶ್ರೀಲತಾಳ ತಲೆ ಬಾಚುವುದೊಂದೇ ಅವಳು ಯಾರ ಹತ್ತಿರವೂ ಚೌಕಾಸಿ ಮಾಡದೆ ಕಳೆಯುವ ಹೊತ್ತು. ಇರುವುದೊಬ್ಬಳು ಮಗಳು. ಕುಂದಾಪುರದಲ್ಲಿ ಮೊದಲ ಪಿಯುಸಿ. ಸೊಂಟದವರೆಗೆ ಬಿದ್ದ ಜಡೆ, ಹೆಣೆಯುವಾಗ ಬಾಗಿಯ ಒಂದು ಮುಷ್ಟಿಗೆ ಸಿಗುತ್ತಿರಲಿಲ್ಲ. ಆ ಸಂಜೆ ಬಲಗಿವಿಯ ಹಿಂದೆ ಬಾಚಣಿಗೆ ಜಾರಿತು. ರೂಪಾಯಿ ನಾಣ್ಯದಗಲ ಒಂದು ಉರುಟು ಜಾಗ, ಕೂದಲೇ ಹುಟ್ಟದ ಹಾಗೆ ನುಣ್ಣಗೆ.

ಅಷ್ಟರಲ್ಲಿ ಒಂದು ಹಿಡಿ ಹುಣಸೆಹಣ್ಣು ಕೇಳಿಕೊಂಡು ಬಂದ ಅಮ್ಮಣ್ಣಿ ಬಗ್ಗಿ ನೋಡಿದಳು.

"ಹುಳ ತಿಂದಿತ್ತ್ ಮಾರಾಯ್ತಿ," ಅಂದಳು.

ಹೇಳಿ ಹುಣಸೆಹಣ್ಣು ತೆಗೆದುಕೊಂಡು ಹೋದಳು. ಮರುದಿನ ಬಂದರಿನಲ್ಲಿ ಬಂಗುಡೆಯ ಏಲಂಗಿಂತ ಮೊದಲು ಹುಳದ ಸುದ್ದಿ ಮುಗಿದಿತ್ತು. ಕಣ್ಣಿಗೆ ಕಾಣದ ಹುಳವಂತೆ, ರಾತ್ರಿ ಹೊತ್ತು ಬುಡ ಕಡಿಯುತ್ತದಂತೆ, ಒಂದು ತಲೆಯಿಂದ ಇನ್ನೊಂದಕ್ಕೆ ದಾಟುತ್ತದಂತೆ. ಕಾಲೇಜಿನಲ್ಲಿ ಶ್ರೀಲತಾಳ ಬೆಂಚಿನಲ್ಲಿ ಕೂರುತ್ತಿದ್ದ ಇಬ್ಬರು ಹುಡುಗಿಯರು ಹಿಂದಿನ ಬೆಂಚಿಗೆ ಹೋದರು. ಸುಮ್ಮನೆ ಪುಸ್ತಕ ಎತ್ತಿಕೊಂಡು ಹೋದರು. ಮಾರ್ಚಿನಲ್ಲಿ ನೆತ್ತಿಯ ಎಡಕ್ಕೆ ಇನ್ನೊಂದು ಜಾಗವಾಯಿತು. ಪರೀಕ್ಷೆ ಮುಗಿಯುವ ಹೊತ್ತಿಗೆ ಹಣೆಗೆ ತಾಗಿದ ಕೂದಲಲ್ಲೇ ಮೂರನೆಯದು. ಅದನ್ನು ಹೇಗೆ ಬಾಚಿದರೂ ಮುಚ್ಚಲಾಗಲಿಲ್ಲ. ರಜೆ ಸಿಕ್ಕಿದ್ದೇ ಹುಡುಗಿ ಮನೆಯಿಂದ ಹೊರಗೆ ಕಾಲಿಡುವುದನ್ನು ಬಿಟ್ಟಳು.

ಬಾಗಿ ಕೈಕಟ್ಟಿ ಕೂತವಳಲ್ಲ. ಬುಟ್ಟಿ ಇಳಿಸಿದ ಮೇಲೆ, ಮೀನಿನ ವಾಸನೆಯ ಸೀರೆಯಲ್ಲೇ ಮಗಳನ್ನು ಎಳೆದುಕೊಂಡು ತಿರುಗಿದಳು. ಪೇಟೆಯ ಒಬ್ಬ ಡಾಕ್ಟರು ತಲೆಯನ್ನು ನೋಡಲೇ ಇಲ್ಲ. ತಲೆಗೆ ಸುತ್ತಿದ ಶಾಲು ತೆಗೆ ಎಂದು ಸಹ ಹೇಳದೆ ಶಕ್ತಿಯ ಗುಳಿಗೆ ಬರೆದು, ಹುಡುಗಿ ಸರಿಯಾಗಿ ಊಟ ಮಾಡುವುದಿಲ್ಲ ಎಂದು ಬಾಗಿಗೇ ಬೈದರು. ಬಾರ್ಕೂರಿನ ಕಡೆಯ ನಾಟಿ ಪಂಡಿತರು ಸೊಪ್ಪು ಅರೆದು ಕೊಟ್ಟರು. ಅದರಿಂದ ತಲೆದಿಂಬು ಹಸಿರಾಯಿತು, ತಲೆ ಇದ್ದ ಹಾಗೇ ಇತ್ತು. ಬೈಂದೂರಿನ ನಾದಿನಿ ದೇವರಿಗೆ ಮುಡಿ ಕೊಡುವ ಹರಕೆ ಹೇಳಿಕೋ ಎಂದಳು. ಇಲ್ಲದ ಕೂದಲನ್ನು ಎಲ್ಲಿಂದ ತಂದು ಕೊಡಲಿ, ದೇವರೇನು ಸಾಲಕ್ಕೆ ಕಾಯುತ್ತಾನಾ ಎಂದು ಕೇಳಿ ಬಾಗಿ ಬಸ್ಸು ಹತ್ತಿದಳು. ಎಲ್ಲಿ ಹೋದರೂ ಕೊನೆಗೆ ಮಾತು ಅದೇ ಹುಳಕ್ಕೆ ಬಂದು ನಿಲ್ಲುತ್ತಿತ್ತು. ಹುಳ ಬಿದ್ದ ಹೆಣ್ಣನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಒಬ್ಬಳು ಮೀನು ಕೊಳ್ಳುತ್ತ ಕೇಳಿದಾಗ ಬಾಗಿ ಅವಳ ಪಾತ್ರೆಗೆ ಹಾಕಿದ್ದ ಮೀನನ್ನು ತಿರುಗಿ ಬುಟ್ಟಿಗೆ ಹಾಕಿಕೊಂಡಳು.

ಕೇಳಿ ಕೇಳಿ ಆ ಮಾತು ಅವಳ ತಲೆಯನ್ನೇ ಹೊಕ್ಕಿತು. ಹೌದಲ್ಲ, ಹುಳವಾದರೆ ಕೊಲ್ಲಬೇಕು.

ಮೇ ತಿಂಗಳ ಆ ವಾರ ಗಂಡ ಪಾಂಡು ಸಣ್ಣ ದೋಣಿಯನ್ನು ಮರಳಿನ ಮೇಲೆ ಎಳೆದು, ಮರಕ್ಕೆ ಹುಳ ಬೀಳದಿರಲೆಂದು ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದ. ಕಪ್ಪಗೆ, ಅಂಟಂಟಾದ ಎಣ್ಣೆ. ಬಳಿದ ಹಲಗೆಯನ್ನು ಯಾವ ಹುಳವೂ ಮುಟ್ಟುವುದಿಲ್ಲ. ಚರ್ಮಕ್ಕೆ ತಾಗಿದರೆ ಸುಡುತ್ತದೆ ಎಂಬುದು ಬಾಗಿಗೆ ಗೊತ್ತಿಲ್ಲದ್ದಲ್ಲ. ಆದರೆ ಸತ್ತುಹೋದ ಅತ್ತೆ ಒಡೆದ ಹಿಮ್ಮಡಿಗೆ ಅದನ್ನೇ ಹಚ್ಚುತ್ತಿದ್ದುದನ್ನೂ ಅವಳು ನೋಡಿದ್ದಳು. ಚಿಪ್ಪಿನಲ್ಲಿ ನಾಲ್ಕು ಹನಿ ತಂದು ತೆಂಗಿನೆಣ್ಣೆಗೆ ಬೆರೆಸಿದಳು. ಬಟ್ಟೆಯ ತುಂಡು ಅದ್ದಿ, ಎದ್ದು ಕಾಣುವ ಹಣೆಯ ಮೇಲಿನ ಜಾಗವೊಂದಕ್ಕೇ ಒತ್ತಿದಳು.

"ಸ್ವಲ್ಪ ಉರಿತ್ ಮಗಾ, ತಡ್ಕೋ. ಹುಳ ಸಾಯ್ಕಲೆ."

ಶ್ರೀಲತಾ ತಡೆದುಕೊಂಡಳು. ಅದೇ ಬಾಗಿಗೆ ಆಮೇಲೆ ಸಹಿಸಲಾಗದ ಸಂಗತಿ. ತುಟಿ ಕಚ್ಚಿ, ಅಮ್ಮನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದು, ಅಮ್ಮ ಮಾಡುವುದು ಸರಿ ಇದ್ದೀತೆಂದು ಆ ಹುಡುಗಿ ಒಂದು ಗಂಟೆ ಹೊತ್ತು ತಡೆದುಕೊಂಡಳು. ಆಮೇಲೆ ಬಾವಿಕಟ್ಟೆಗೆ ಓಡಿ ಕೊಡಗಟ್ಟಲೆ ನೀರು ತಲೆಗೆ ಸುರಿದುಕೊಂಡಳು. ಬೆಳಗಾಗುವಾಗ ಹಣೆ ಬೊಕ್ಕೆಯೆದ್ದು, ಒಂದು ಕಣ್ಣು ಮುಚ್ಚಿಹೋಗಿತ್ತು.

ಕುಂದಾಪುರದ ಚರ್ಮದ ಡಾಕ್ಟರಮ್ಮ ಶಾಲು ತೆಗೆಸಿದರು. ಏನು ಹಚ್ಚಿದಿರಿ ಎಂದು ಕೇಳಿದರು. ತೆಂಗಿನೆಣ್ಣೆ ಎಂದಳು ಬಾಗಿ.

"ದೋಣಿ ಎಣ್ಣೆ," ಅಂದಳು ಶ್ರೀಲತಾ, ಗೋಡೆ ನೋಡಿಕೊಂಡು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಗಾಯ ತೊಳೆಸಿ, ಮುಲಾಮು ಹಾಕಿಸಿ, ಆಮೇಲೆ ತಾಳ್ಮೆಯಿಂದಲೇ ವಿವರಿಸಿದರು. ಹುಳ ಎಂಬುದು ಇಲ್ಲವೇ ಇಲ್ಲ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ಮೈಯ ಶಕ್ತಿಯೇ ದಾರಿತಪ್ಪಿ ಕೂದಲಿನ ಬೇರನ್ನು ಶತ್ರುವೆಂದು ತಿಳಿಯುತ್ತದೆ. ಯಾರಿಗೂ ಅಂಟುವುದಿಲ್ಲ. ಎಷ್ಟೋ ಜನರಿಗೆ ವರ್ಷದೊಳಗೆ ತಾನಾಗಿಯೇ ಕೂದಲು ಬರುತ್ತದೆ, ತಿಂಗಳಿಗೊಮ್ಮೆ ಆ ಜಾಗಕ್ಕೆ ಸಣ್ಣ ಸೂಜಿ ಕೊಟ್ಟರೆ ಬೇಗ ಬರಬಹುದು. ಕಿವಿಯ ಹಿಂದಿನದು, ನೆತ್ತಿಯದು ಬಂದೀತು. ಹಣೆಯ ಮೇಲೆ ಸುಟ್ಟದ್ದರಲ್ಲಿ ಬೇರು ಉಳಿದಿದೆಯೋ ಇಲ್ಲವೋ ಈಗ ಹೇಳಲಾಗದು. ಗಾಯ ಮಾಗಲಿ, ಮೂರು ವಾರ ಬಿಟ್ಟು ಕರೆದುಕೊಂಡು ಬನ್ನಿ.

ಇಷ್ಟೇ ಮಾತು. ಇಷ್ಟು ಮಾತನ್ನು ಫೆಬ್ರವರಿಯಲ್ಲಿ ಒಬ್ಬರಾದರೂ ಹೇಳಿದ್ದರೆ! ಬಾಗಿ ಬಸ್ಸಿನಲ್ಲಿ ಕೂತು ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಎದುರಿಗೆ ನಿಲ್ಲಿಸಿ ಬೈದಳು. ಶಾಲು ತೆಗೆಸದ ಡಾಕ್ಟರು, ಪಂಡಿತರು, ನಾದಿನಿ, ಎಲ್ಲರಿಗಿಂತ ಹೆಚ್ಚಾಗಿ ಅಮ್ಮಣ್ಣಿ. ಕೊನೆಗೆ ಎಣ್ಣೆಯ ಬಟ್ಟೆ ಹಿಡಿದ ಕೈ ಯಾರದು ಎಂಬಲ್ಲಿಗೆ ಬಂದು ಬೈಗುಳ ನಿಂತುಹೋಯಿತು.

ಮನೆಗೆ ಬಂದ ಮೇಲೆ ಮುಲಾಮು ಹಚ್ಚಲು ಕೈ ಚಾಚಿದರೆ ಶ್ರೀಲತಾ ಗೋಡೆಗೆ ಸರಿದಳು.

"ಮುಟ್ಬೇಡ ನೀನ್. ಸೂಜಿಗೂ ನಾ ಹೋತಿಲ್ಲೆ, ಕಾಲೇಜಿಗೂ ಹೋತಿಲ್ಲೆ. ಇನ್ ನನ್ನ್ ತಲಿಗೆ ಯಾರ್ದೂ ಕೈ ಬೇಡ."

"ಹುಳ ಅಂದೇಳಿ ಎಲ್ರೂ ಹೇಳ್ರಲೆ ಮಗಾ..."

"ನಿನ್ ಸಿಂಬಿ ಜಾಗಕ್ಕೆ ಎಂತಕ್ಕೆ ಹಚ್ಕಣ್ಲಿಲ್ಲ ಹಂಗಾರೆ?"

ಬಾಗಿ ಮುಲಾಮನ್ನು ಅಲ್ಲೇ ನೆಲದ ಮೇಲಿಟ್ಟಳು. ಸಿಂಬಿಯೆಂದರೆ ಬುಟ್ಟಿಯ ಕೆಳಗೆ ತಲೆಯ ಮೇಲಿಡುವ ಬಟ್ಟೆಯ ಸುತ್ತು. ಅದು ಕೂತು ಕೂತು ಕೂದಲು ಹೋದ ಜಾಗವೇ ಸಿಂಬಿ ಜಾಗ. ಇಪ್ಪತ್ತೆರಡು ವರ್ಷ ಬುಟ್ಟಿ ಹೊತ್ತ ಬಾಗಿಯ ನೆತ್ತಿಯಲ್ಲಿ ಅದು ಅಂಗೈಯಗಲ ಇತ್ತು. ಸುತ್ತಲಿನ ಕೂದಲನ್ನು ಮೇಲೆಳೆದು ತುರುಬಿನ ಸೂಡಿ ಕಟ್ಟಿ, ಮೇಲೊಂದು ಬಟ್ಟೆ ಸುತ್ತಿದರೆ ಆಯಿತು. ಅದೊಂದು ಕಾಯಿಲೆ ಎಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ಯಾರೂ ಅದಕ್ಕೆ ಹುಳ ಅಂದಿರಲಿಲ್ಲ.

ಮೂರು ವಾರ ತಾಯಿ ಮಗಳ ನಡುವೆ ಮಾತಿಲ್ಲ. ಮುಲಾಮನ್ನು ಹುಡುಗಿ ಕನ್ನಡಿ ನೋಡಿ ತಾನೇ ಹಚ್ಚಿಕೊಂಡಳು. ಸಂಜೆ ಬಾಚಣಿಗೆ ಗೂಡಿನಲ್ಲೇ ಉಳಿಯುತ್ತಿತ್ತು. ಕಾಲೇಜು ಶುರುವಾಗಿ ನಾಲ್ಕು ದಿನವಾಯಿತು, ಡಾಕ್ಟರಮ್ಮ ಹೇಳಿದ ದಿನ ನಾಳೆಗೆ ಬಂತು, ಅವಳು ಎದ್ದು ಹೊರಡುವ ಲಕ್ಷಣವೇ ಇರಲಿಲ್ಲ.

ಆ ಬೆಳಿಗ್ಗೆ ಬಂದರಿನಲ್ಲಿ ಬಾಗಿ ಬುಟ್ಟಿಗೆ ಮೀನು ತುಂಬುತ್ತಿದ್ದಳು. ಅಮ್ಮಣ್ಣಿ ಎಲ್ಲರಿಗೂ ಕೇಳುವ ಹಾಗೆ ಕರೆದಳು.

"ಹ್ವಾಯ್ ಬಾಗಕ್ಕ, ಹೆಣ್ಣಿನ್ ತಲಿ ಹುಳ ಸತ್ತಿತಾ?"

ಬಾಗಿ ಬುಟ್ಟಿ ಕೆಳಗಿಟ್ಟಳು. ಸಿಂಬಿ ತೆಗೆದಳು. ತಲೆಯ ಬಟ್ಟೆ ಬಿಚ್ಚಿದಳು, ಸೂಡಿಯನ್ನೂ ಬಿಚ್ಚಿದಳು. ಅಮ್ಮಣ್ಣಿಯ ಎದುರಿಗೆ ಹೋಗಿ ಗೂಳಿಯ ಹಾಗೆ ತಲೆ ಬಗ್ಗಿಸಿದಳು.

"ಕಾಣ್. ಸಮಾ ಕಾಣ್. ಇದನ್ನ ಯಾವ ಹುಳ ತಿಂದದ್ದ್?"

ಅಮ್ಮಣ್ಣಿ ಹಿಂದೆ ಸರಿದಳು. ಅದು ಸಿಂಬಿ ಜಾಗ ಅಲ್ಲವಾ, ಅದು ಬೇರೆ, ಇದು ಬೇರೆ ಎಂದು ಏನೋ ಗೊಣಗಿದಳು.

"ನನ್ನದ್ ಹೋದ್ರೆ ಬುಟ್ಟಿ, ನನ್ನ್ ಮಗಳದ್ ಹೋದ್ರೆ ಹುಳ. ಅಲ್ದಾ? ನಿನ್ ಬಟ್ಟೆ ಬಿಚ್ಚ್ ಕಾಂಬ. ನಿನ್ನದನ್ನ ತಿಂದ ಹುಳದ ಹೆಸ್ರೂ ಹೇಳ್ ನೀನ್."

ಅಮ್ಮಣ್ಣಿಯ ಕೈ ತಾನಾಗಿಯೇ ತನ್ನ ತಲೆಯ ಬಟ್ಟೆಗೆ ಹೋಯಿತು. ಸುತ್ತ ಕೂತಿದ್ದ ಹದಿನೈದಿಪ್ಪತ್ತು ಹೆಂಗಸರಲ್ಲಿ ಮುಕ್ಕಾಲುಪಾಲು ಜನರ ಕೈಯೂ ಮೇಲಕ್ಕೆ ಹೋದದ್ದನ್ನು ಬಾಗಿ ಕಂಡಳು. ಏಲಂ ಕೂಗುವವನು ಸಹ ಒಂದು ಗಳಿಗೆ ಲೆಕ್ಕ ತಪ್ಪಿದ. ಬಾಗಿ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು, ಬಿಚ್ಚಿದ ತಲೆಯಲ್ಲೇ ಊರು ತಿರುಗಿ ಮೀನು ಮಾರಿದಳು. ನೋಡುವವರು ನೋಡಲಿ.

ಅಮ್ಮಣ್ಣಿ ಸುಮ್ಮನಿರುವವಳಾ? ಮಧ್ಯಾಹ್ನವೇ ಬೇಲಿಯಾಚೆಯಿಂದ ಶ್ರೀಲತಾಳನ್ನು ಕೂಗಿ ದೂರು ಕೊಟ್ಟಿದ್ದಳು. ನಿನ್ನ ಹೆತ್ತಬ್ಬಿಗೆ ತಲೆ ಕೆಟ್ಟಿದೆ, ಗಂಡಸರ ಎದುರಿಗೆ ಬೋಳು ನೆತ್ತಿ ತೋರಿಸಿದಳು, ನನ್ನ ಬಟ್ಟೆಗೂ ಕೈ ಹಾಕುವವಳಿದ್ದಳು ಎಂದು ಒಂದನ್ನೂ ಬಿಡದೆ ಹೇಳಿದ್ದಳು. ತನ್ನ ಮೇಲಾದ ಅನ್ಯಾಯವನ್ನು ಹೇಳುತ್ತ ಹೇಳುತ್ತ, ಹುಳ ಅಲ್ಲವಂತೆ ಎಂಬ ಸಂಗತಿಯನ್ನೂ ಅವಳೇ ಊರಿಡೀ ಹಂಚಿಬಿಟ್ಟಳು.

ಬಾಗಿ ಮಿಂದು ಬಂದು ಚಾವಡಿಯಲ್ಲಿ ಕೂತಾಗ ಶ್ರೀಲತಾ ಬಾಗಿಲಲ್ಲಿ ನಿಂತಿದ್ದಳು.

"ಬಗ್ಗ್, ಕಾಂಬ," ಅಂದಳು.

ಬಾಗಿ ಬಗ್ಗಿದಳು. ಮಗಳ ಬೆರಳು ನೆತ್ತಿಯ ಮೇಲೆ ಉರುಟಿಗೆ ಒಂದು ಸುತ್ತು ಬಂದು ನಿಂತಿತು. ಗದ್ದೆಯ ಅಂಚಿನಂತೆ ದಡ್ಡುಗಟ್ಟಿದ ಚರ್ಮ ಅದು. ನೋವಾಗುತ್ತಿತ್ತಾ ಎಂದು ಶ್ರೀಲತಾ ಕೇಳಿದಳು. ಮೊದಮೊದಲು ಆಗುತ್ತಿತ್ತು, ಆಮೇಲೆ ಆ ನೋವನ್ನು ಕೇಳಲು ಪುರುಸೊತ್ತಿರಲಿಲ್ಲ ಎಂದಳು ಬಾಗಿ. ಅವಳ ಧ್ವನಿಯಲ್ಲಿ ಬೆಳಗಿನ ಸಿಟ್ಟು ಇನ್ನೂ ಇತ್ತು.

"ನಾಳೆ ಎಷ್ಟೊತ್ತಿನ್ ಬಸ್ಸಿಗೆ?" ಹುಡುಗಿ ಕೇಳಿದಳು.

ಡಾಕ್ಟರಮ್ಮ ಸೂಜಿ ಕೈಗೆತ್ತಿಕೊಂಡಾಗ ಶ್ರೀಲತಾ ಶಾಲು ಬಿಚ್ಚಲಿಲ್ಲ. "ಮೊದ್ಲ್ ಅಬ್ಬಿ ತಲಿ ಕಾಣಿ," ಅಂದಳು.

ಡಾಕ್ಟರಮ್ಮ ನೋಡಿದರು. ಭಾರಕ್ಕೆ, ಎಳೆತಕ್ಕೆ ಹೋದ ಕೂದಲಿದು, ಇಷ್ಟು ವರ್ಷದ ಮೇಲೆ ತಿರುಗಿ ಬರುವುದು ಕಷ್ಟ, ಇನ್ನೂ ಹೋಗದಿರಬೇಕಾದರೆ ತಲೆಯ ಮೇಲೆ ಹೊರುವುದನ್ನು ನಿಲ್ಲಿಸಬೇಕು ಎಂದರು.

"ನಿಲ್ಸಿರೆ ನೀವ್ ಮೀನ್ ತಿಂಬುದ್ ಹ್ಯಾಂಗೆ ಅಮ್ಮ?" ಬಾಗಿ ಕೇಳಿದಳು.

ಡಾಕ್ಟರಮ್ಮನಿಗೆ ನಗು ಬಂತು. ಬಾಗಿ ನಗಲಿಲ್ಲ. ಅವಳು ಕೇಳಿದ್ದು ನಗಿಸಲಿಕ್ಕಲ್ಲ.

ಶ್ರೀಲತಾ ಶಾಲು ಬಿಚ್ಚಿದಳು. ಹಣೆಯ ಗಾಯ ಕೆಂಪಾಗಿ ಮಾಗಿತ್ತು. ಅದನ್ನು ಡಾಕ್ಟರಮ್ಮ ಮುಟ್ಟಲಿಲ್ಲ. ಕಿವಿಯ ಹಿಂದೆ ಐದು, ನೆತ್ತಿಗೆ ಆರು ಸಲ ಸೂಜಿ ಚುಚ್ಚಿದರು. ಬಾಗಿ ಒಂದೊಂದನ್ನೂ ಎಣಿಸಿದಳು. ಹೊರಗೆ ಬಂದ ಮೇಲೆ ತಡೆಯಲಾಗದೆ ಕೇಳಿದಳು.

"ಉರಿತಾ ಮಗಾ?"

ಶ್ರೀಲತಾ ಶಾಲನ್ನು ತಲೆಗೆ ಸುತ್ತಲಿಲ್ಲ, ಹೆಗಲಿಗೆ ಹಾಕಿಕೊಂಡಳು.

"ಉರಿತ್. ನಿನ್ ಎಣ್ಣಿಯಷ್ಟ್ ಇಲ್ಲೆ," ಅಂದು ಕಾಲೇಜಿನ ರಸ್ತೆಯ ಕಡೆಗೆ ತಿರುಗಿದಳು.