ನೀನು ಹೇಳಿದ ವಿಷಯ

"ನೀನು ಹೇಳಿದ ವಿಷಯ ಹೆಡ್ ಮೇಡಂಗೆ ಗೊತ್ತಾಗಿದೆ ಕಣೆ," ಎಂದು ಸೈನ್ಸ್ ಮೇಡಂ ಪಿಸುಗುಟ್ಟಿ ಲ್ಯಾಬಿನ ಕಡೆ ಓಡಿದಳು. ಬೆಲ್ ಹೊಡೆದಾಗಿತ್ತು. ಗ್ರಾಮರ್ ಮೇಡಂ ಸೀಮೆಸುಣ್ಣ ಹಿಡಿದು ಕಾರಿಡಾರಿನಲ್ಲಿ ನಿಂತಲ್ಲೇ ನಿಂತಳು.

ವಿಷಯ ಸಣ್ಣದೇನಲ್ಲ. ಲೆಕ್ಕದ ಮೇಷ್ಟ್ರು ಪರೀಕ್ಷೆಗೆ ಬರುವ ಲೆಕ್ಕಗಳನ್ನು ತಮ್ಮ ಮನೆಪಾಠದ ಮಕ್ಕಳಿಗೆ ಮೊದಲೇ ಮಾಡಿಸಿಬಿಡುತ್ತಾರೆಂದು ಮಗುವೊಂದು ಗ್ರಾಮರ್ ಮೇಡಂ ಮುಂದೆ ಬಾಯಿಬಿಟ್ಟಿತ್ತು. ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಆಕೆ ಅದನ್ನು ಸೈನ್ಸ್ ಮೇಡಂ ಕಿವಿಗೆ ಹಾಕಿದ್ದಳು, ಅವಳೊಬ್ಬಳಿಗೇ. ಲೆಕ್ಕದ ಮೇಷ್ಟ್ರೋ, ಹೆಡ್ ಮೇಡಂ ಒಡಹುಟ್ಟಿದ ತಮ್ಮ. ಗ್ರಾಮರ್ ಮೇಡಂ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮಾಡುವುದೂ ಬಿಡುವುದೂ ಹೆಡ್ ಮೇಡಂ ಕೈಯಲ್ಲಿತ್ತು.

ಗ್ರಹಚಾರಕ್ಕೆ ಅಂದಿನ ಪಾಠವೂ ಇಂಗ್ಲಿಷಿನ 'ದಟ್' ಎಂಬ ಪದದ್ದೇ. ಬೋರ್ಡಿನ ಮೇಲೆ ಎರಡು ತುಂಡು ಬರೆದಳು: 'ದ ನ್ಯೂಸ್ ದಟ್ ಷಿ ಬ್ರಾಟ್', 'ದ ನ್ಯೂಸ್ ದಟ್ ಷಿ ಫೆಲ್'.

"ದಟ್ ಆದ್ಮೇಲೆ ಇರೋದನ್ನ ಬೇರೆ ಮಾಡಿ ಓದಿ. ಷಿ ಬ್ರಾಟ್. ತಂದಳು ಅಂದ್ರೆ, ಏನನ್ನ? ಅರ್ಧಕ್ಕೇ ನಿಂತಿದೆ. ಇದು ರಿಲೇಟಿವ್ ಕ್ಲಾಜ್, ಯಾವ ಸುದ್ದಿ ಅಂತ ಗುರುತು ಹೇಳುತ್ತೆ. ಷಿ ಫೆಲ್. ಬಿದ್ದಳು, ಮುಗೀತು. ಇದು ಕಾಂಪ್ಲಿಮೆಂಟ್ ಕ್ಲಾಜ್, ಸುದ್ದಿ ಏನು ಅಂತಾನೇ ಹೇಳುತ್ತೆ."

ಮುಂದಿನ ಬೆಂಚಿನ ಬಾಯಿಬಡುಕಿ ಎದ್ದಳು. "ಮಿಸ್, ಕನ್ನಡದಲ್ಲಿ ಎರಡೂ ಒಂದೇ ಥರ ಅಲ್ವಾ? ಅವಳು ತಂದ ಸುದ್ದಿ, ಅವಳು ಬಿದ್ದ ಸುದ್ದಿ."

"ಕೂತ್ಕೋ," ಎಂದಳು ಗ್ರಾಮರ್ ಮೇಡಂ. ಸೈನ್ಸ್ ಮೇಡಂ ಪಿಸುಗುಟ್ಟಿದ ಮಾತೂ ಹಾಗೇ ಇತ್ತಲ್ಲ!

ನೀನು ಹೇಳಿದ ವಿಷಯ. ಹೇಳಿದೆಯಲ್ಲ, ಆ ವಿಷಯವೋ? ಹಾಗಿದ್ದರೆ ಮೇಷ್ಟ್ರ ಕಳ್ಳಾಟ ಹೇಗೋ ಹೊರಬಿದ್ದಿದೆ, ಹೆದರಬೇಕಾಗಿಲ್ಲ. ಇಲ್ಲಾ, ನೀನು ಹೇಳಿದೆ ಎಂಬ ವಿಷಯವೋ? ಹಾಗಿದ್ದರೆ ಚಾಡಿಕೋರಿ ಯಾರೆಂದೇ ಗೊತ್ತಾಗಿದೆ, ಮತ್ತು ಅದನ್ನು ತಿಳಿಸಬಲ್ಲವಳು ಲೋಕದಲ್ಲಿ ಒಬ್ಬಳೇ, ಸೈನ್ಸ್ ಮೇಡಂ. ಅವಳು ನಿಂತು ಮಾತಾಡದೆ ಓಡಿದ್ದೇಕೆ? ಮುಖ ಕೊಡಲಿಲ್ಲವೇಕೆ? ಮೊನ್ನೆ ಹೆಡ್ ಮೇಡಂ ಕಾರಿನಲ್ಲಿ ಮನೆಗೆ ಹೋದಳಲ್ಲ, ತಲೆನೋವೆಂದು! ತಲೆಗೆ ಹೊಕ್ಕ ಹುಳು ಸುಮ್ಮನಿರುತ್ತದೆಯೇ? ಮಕ್ಕಳು ಅಭ್ಯಾಸ ಬರೆದು ಮುಗಿಸುವಷ್ಟರಲ್ಲಿ ಗೆಳತಿಯ ಮೇಲಿನ ತೀರ್ಪೂ ಮುಗಿದಿತ್ತು.

ಪಾಠ ಮುಗಿದದ್ದೇ ತಡ, ಯಾರೂ ಕರೆಯದಿದ್ದರೂ ಹೆಡ್ ಮೇಡಂ ಕೋಣೆಗೆ ನುಗ್ಗಿದಳು.

"ಮೇಡಂ, ಲೆಕ್ಕದ ಮೇಷ್ಟ್ರ ವಿಷಯ ಎತ್ತಿದ್ದು ನಾನಲ್ಲ. ಸೈನ್ಸ್ ಮೇಡಂ ಹೇಳ್ತಾ ಇದ್ರು. ನಾನು ಸುಮ್ನೆ ಕೇಳಿಸ್ಕೊಂಡೆ ಅಷ್ಟೆ."

ಹೆಡ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವಿಷಯ ನನಗೆ ಗೊತ್ತಿತ್ತು. ನನ್ನ ತಮ್ಮನೇ ಒಪ್ಕೊಂಡ. ಅದನ್ನ ಊರೆಲ್ಲ ಹೇಳ್ತಾ ಇರೋದು ಯಾರು ಅಂತ ಗೊತ್ತಿರಲಿಲ್ಲ." ಸ್ವಲ್ಪ ನಕ್ಕರು. "ನೀವಾಗೇ ಬಂದು ಹೇಳಿದ್ದು ಒಳ್ಳೇದಾಯ್ತು. ನಿಮ್ಮಂಥವರು ಸ್ಕೂಲಿಗೆ ಬೇಕು. ಹೋಗಿ."

ಸ್ಟಾಫ್ ರೂಮಿನವರೆಗೆ ಹೇಗೆ ಬಂದಳೋ ಅವಳಿಗೇ ತಿಳಿಯದು.

"ಎಲ್ಲಿ ಹೋಗಿದ್ದೆ? ಹುಡುಕಿ ಸಾಕಾಯ್ತು," ಎಂದು ಸೈನ್ಸ್ ಮೇಡಂ ಅವಳ ಕೈ ಹಿಡಿದು ಕೂರಿಸಿಕೊಂಡಳು. "ಆಗಲೇ ನಿಂತು ಹೇಳೋಣ ಅಂದ್ರೆ, ಲ್ಯಾಬಲ್ಲಿ ಮಕ್ಕಳು ಬರ್ನರ್ ಹಚ್ಚಿಬಿಟ್ಟಿದ್ರು ಕಣೆ. ಬೆಳಿಗ್ಗೆ ಹೆಡ್ ಮೇಡಂ ತಮ್ಮನಿಗೆ ಬೈತಿದ್ದದ್ದು ನನ್ನ ಕಿವಿಗೇ ಬಿತ್ತು. ಯಾರು ಹೇಳಿದ್ದು ಅಂತ ಒಬ್ಬೊಬ್ಬರನ್ನೇ ಕರೆದು ಕೇಳ್ತಾರಂತೆ. ನಿನ್ನ ಕೇಳಿದ್ರೆ ಗೊತ್ತೇ ಇಲ್ಲ ಅಂದ್ಬಿಡು. ನಾನಂತೂ ಸತ್ತರೂ ನಿನ್ನ ಹೆಸರು ಎತ್ತಲ್ಲ."

ಗ್ರಾಮರ್ ಮೇಡಂ ಬಾಯಿ ತೆರೆದಳು. ಅಷ್ಟರಲ್ಲಿ ಜವಾನ ಬಾಗಿಲಿಗೆ ಬಂದ.

"ಸೈನ್ಸ್ ಮೇಡಂ, ಹೆಡ್ ಮೇಡಂ ಕರೀತಿದ್ದಾರೆ."

"ನೋಡಿದ್ಯಾ, ಮೊದಲ ಪಾಳಿ ನಂದೇ," ಎಂದು ನಗುತ್ತಾ ಎದ್ದ ಸೈನ್ಸ್ ಮೇಡಂ, ಇನ್ನೂ ಬಾಯಿಗಿಡದ ಚಹಾದ ಲೋಟವನ್ನು ಅವಳ ಕೈಗೆ ಕೊಟ್ಟಳು. "ಆರದ ಹಾಗೆ ನೋಡ್ಕೋ. ಈಗ ಬಂದೆ."

ಗ್ರಾಮರ್ ಮೇಡಂ ಲೋಟದ ಮೇಲೆ ಅಂಗೈ ಮುಚ್ಚಿ ಹಿಡಿದು ಕುಳಿತಳು. ಅಂಗೈಗೆ ಹಬೆ ತಾಕುತ್ತಿತ್ತು.