ಪುಟ್ಟಿ ಮೆತ್ತಿದ ಹೆಲ್ಮೆಟ್

ಬಣ್ಣದಪ್ಪ ಅನ್ನುವುದು ಗ್ಯಾರೇಜಿನವರು ಇಟ್ಟ ಹೆಸರು. ನಜ್ಜುಗುಜ್ಜಾದ ಕಾರು ಅವನ ಕೈಗೆ ಸಿಕ್ಕರೆ ಸಾಕು, ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು, ಏನೂ ಆಗೇ ಇಲ್ಲವೆಂದು ಆ ಕಾರೇ ಆಣೆ ಮಾಡುವ ಹಾಗೆ ಮಾಡಿಬಿಡುತ್ತಿದ್ದ. ಇದರ ಬಗ್ಗೆ ಅವನಿಗೆ ಜಂಬವೇನೂ ಇರಲಿಲ್ಲ. ಕಂಡಕಂಡವರಿಗೆಲ್ಲ ಹೇಳಿಕೊಳ್ಳುತ್ತಿದ್ದ, ಅಷ್ಟೇ.

ಇಂಥ ಮಹಾಶಯ ಬೈಕಿನಿಂದ ಬಿದ್ದ. ತಲೆ ಉಳಿಯಿತು, ಹೆಲ್ಮೆಟ್ ಸೀಳಿತು. ಹೊಸದು ಕೊಳ್ಳಲು ಹೋದಾಗ ಅಂಗಡಿಯವನು ಹಳೆಯದನ್ನು ತಿರುಗಿಸಿ ನೋಡಿದ.

"ಅಣ್ಣಾ, ಇದು ಇರೋದೇ ಒಂದು ಏಟು ತಿನ್ನೋಕೆ. ತಿಂದಾಯ್ತು. ಬೆಲ್ಟ್ ಕತ್ತರಿಸಿ, ಒಡೆದು ಬಿಸಾಕಿ. ಹಾಗೇ ಬಿಟ್ರೆ ಯಾರಾದ್ರೂ ಎತ್ಕೊಂಡು ಹಾಕ್ಕೋತಾರೆ."

ಬಣ್ಣದಪ್ಪನಿಗೆ ಮೈಯೆಲ್ಲ ಉರಿಯಿತು. ಇಡೀ ಕಾರನ್ನೇ ರಿಪೇರಿ ಮಾಡುವವನಿಗೆ ಈ ಬುರುಡೆ ಯಾವ ಲೆಕ್ಕ! ಹೊಸ ಹೆಲ್ಮೆಟ್ಟನ್ನು ಮಗಳಿಗೆ ಕೊಟ್ಟ. ಅವಳು ಆಗಷ್ಟೇ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ, ಸ್ಕೂಟರಿನಲ್ಲಿ ಓಡಾಡಲು ಶುರುಮಾಡಿದ್ದಳು. ಹಳೆಯದನ್ನು ಗ್ಯಾರೇಜಿಗೆ ಒಯ್ದ.

"ಒಡೆದು ಹಾಕ್ರೀ ಅದನ್ನ," ಎಂದಳು ಹೆಂಡತಿ.

"ಜೀವ ಉಳಿಸಿದ್ದನ್ನ ಕಸಕ್ಕೆ ಹಾಕೋಕೆ ನನಗೇನು ಕೃತಜ್ಞತೆ ಇಲ್ವಾ? ನಾನೇ ಹಾಕ್ಕೋತೀನಿ ಬಿಡು."

"ನಿಮ್ಮ ತಲೆ ಗಟ್ಟಿ ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರ್ಲಿಲ್ಲ."

ಕೃತಜ್ಞತೆ ಉಕ್ಕಿ ಹರಿಯಿತು. ಸೀಳಿಗೆ ಪುಟ್ಟಿ ಬಿತ್ತು. ಒಳಗಿನ ಬಟ್ಟೆಯೂ ಹೊಸದಾಯಿತು. ಅಪ್ಪ ಮಗಳ ಜೋಡಿ ಚೆನ್ನಾಗಿರಲಿ ಎಂದು ಎರಡಕ್ಕೂ ಒಂದೇ ನೀಲಿ ಬಣ್ಣ, ಒಂದೇ ಬಿಳಿ ಪಟ್ಟೆ, ಒಳಗೆ ಒಂದೇ ಬಟ್ಟೆ. ಮನೆಗೆ ಬಂದವರಿಗೆಲ್ಲ ಪರೀಕ್ಷೆ: "ಹಳೇದು ಯಾವ್ದು ಹೇಳಿ ನೋಡೋಣ?" ಒಬ್ಬರೂ ಪಾಸಾಗಲಿಲ್ಲ. ಬಣ್ಣದಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ಬೆಳಿಗ್ಗೆ ಎರಡೂ ಹೆಲ್ಮೆಟ್ ಸೋಫಾದ ಮೇಲೆ ಬಿದ್ದಿದ್ದವು. ಮಗಳು ಹೊರಡುವ ಅವಸರದಲ್ಲಿ ಒಂದನ್ನು ಎತ್ತಿಕೊಂಡಳು.

"ನಿಲ್ಲೇ," ಎಂದಳು ತಾಯಿ. "ರೀ, ಅವಳದು ಯಾವ್ದು?"

ಬಣ್ಣದಪ್ಪ ನಗುತ್ತಲೇ ಬಂದ. ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಸೀಳಿದ್ದ ಜಾಗವನ್ನು ಬೆರಳಿನಿಂದ ಹುಡುಕಿದ. ಎರಡೂ ಕಡೆ ನುಣುಪು. ನಗು ಅರ್ಧಕ್ಕೇ ನಿಂತಿತು. ಊರನ್ನೆಲ್ಲ ಫೇಲು ಮಾಡಿದ ಪರೀಕ್ಷೆಯಲ್ಲಿ ಮೇಷ್ಟ್ರೇ ಡುಮ್ಕಿ.

"ಅಪ್ಪಾ, ಲೇಟಾಗ್ತಿದೆ. ನಾನು ದಿನಾ ಕೈಗೆ ಸಿಕ್ಕಿದ್ದನ್ನ ಹಾಕ್ಕೊಂಡು ಹೋಗ್ತೀನಿ. ಎರಡೂ ಒಂದೇ ಅಲ್ವಾ?"

ಅವಳ ಕೈಯಿಂದ ಅದನ್ನು ಕಿತ್ತುಕೊಂಡು ಒಳಗಿನ ಬಟ್ಟೆಯನ್ನು ಸುಲಿದ. ಬಟ್ಟೆಯಲ್ಲಿ ಅವಳ ಉದ್ದನೆಯ ಕೂದಲು ಸಿಕ್ಕಿಕೊಂಡಿತ್ತು. ಅದರ ಹಿಂದೆ, ಕಿವಿಯ ಮೇಲ್ಭಾಗಕ್ಕೆ ಬರುವಲ್ಲಿ, ಥರ್ಮೋಕೋಲ್ ಜಜ್ಜಿಹೋಗಿ ಬಿರುಕುಬಿಟ್ಟಿತ್ತು.

ಇನ್ನೊಂದನ್ನೂ ಸುಲಿದು ನೋಡಿ, ಬಟ್ಟೆ ಸಿಕ್ಕಿಸಿ, ತಾನೇ ಅವಳ ತಲೆಗೆ ಹಾಕಿ ಬೆಲ್ಟ್ ಬಿಗಿದ. "ಏನಾಯ್ತಪ್ಪಾ?" ಎಂದು ಕೇಳಿದರೆ, "ಹೋಗು ಮಗಳೇ, ನಿಧಾನಕ್ಕೆ ಹೋಗು," ಎಂದಷ್ಟೇ ಹೇಳಿದ.

ಸ್ಕೂಟರ್ ತಿರುವು ದಾಟಿದ ಮೇಲೆ ಹಳೆಯದನ್ನು ಅಂಗಳದಲ್ಲಿಟ್ಟು ಬೆಲ್ಟ್ ಕತ್ತರಿಸಿದ, ಸುತ್ತಿಗೆ ತಂದ. ಅಷ್ಟು ಚೆಂದದ ಕೆಲಸ, ಬಲವಾಗಿ ಹೊಡೆಯಲು ಮನಸ್ಸು ಬರಲಿಲ್ಲ. ಮೆಲ್ಲಗೆ ಒಮ್ಮೆ ತಟ್ಟಿದ.

ಪುಟ್ಟಿ ಪುಡಿಪುಡಿಯಾಗಿ ಉದುರಿ, ಹೆಲ್ಮೆಟ್ ಎರಡು ಹೋಳಾಯಿತು. ಬಣ್ಣದಪ್ಪ ಸುತ್ತಿಗೆ ಬಿಟ್ಟು ಅಲ್ಲೇ ಕುಸಿದು ಕೂತು ಅತ್ತ.