ಖಾಲಿ ಒಂದು ನಿಮಿಷ

ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕ ಓದಿ ಧ್ವನಿಮುದ್ರಿಸಿ ಕೊಡುವುದು ನನ್ನ ಕೆಲಸ. ನಾನು ಮನೆಯಲ್ಲಿ ಕೂತು ಓದುತ್ತೇನೆ, ಕಚೇರಿಯಲ್ಲಿ ಒಬ್ಬರು ಕೂತು ಕೇಳುತ್ತಾರೆ. ಓದುವವರೆಲ್ಲ ಸೇರಿ ಅವರಿಗೆ ‘ಕಿವಿ ಸಾಹೇಬರು’ ಎಂದು ಹೆಸರಿಟ್ಟಿದ್ದೇವೆ. ಪ್ರತಿ ಪಾಠದ ಜೊತೆ, ಯಾರೂ ಬಾಯಿ ಬಿಡದ ಒಂದು ನಿಮಿಷವನ್ನೂ ಮುದ್ರಿಸಿ ಕಳಿಸಬೇಕು. ಸಾಹೇಬರು ಮೊದಲು ಕೇಳುವುದು ಆ ಖಾಲಿ ನಿಮಿಷವನ್ನೇ. ಅದರಲ್ಲಿ ಏನಾದರೂ ಕೇಳಿಸಿದರೆ ಪಾಠವನ್ನು ಮುಟ್ಟುವುದೂ ಇಲ್ಲ.

ನನ್ನ ಖಾಲಿ ನಿಮಿಷ ಎರಡು ಸಲ ವಾಪಸು ಬಂದಿತ್ತು. ಮೊದಲ ಸಲ ‘ಹಿನ್ನೆಲೆಯಲ್ಲಿ ಗಿರಣಿ ಇದೆ’ ಎಂದು ಬರೆದಿದ್ದರು. ಎರಡನೆಯ ಸಲ ‘ಗಿರಣಿ ಇನ್ನೂ ಇದೆ’ ಎಂದು. ಮೂರನೆಯ ಸಲವೂ ವಾಪಸು ಬಂದರೆ ಓದುವವರ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ, ಅದು ಅಲ್ಲಿನ ನಿಯಮ. ಶುಕ್ರವಾರ ಸಂಜೆ ಐದಕ್ಕೆ ಗಡುವು. ಒಂಬತ್ತು ವರ್ಷದಿಂದ ಓದುತ್ತಿದ್ದೇನೆ. ಬೇರೆ ಕೆಲಸ ನನಗೆ ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ.

ಗಿರಣಿ ಎಂದರೆ ನನ್ನ ಕಂಪ್ಯೂಟರ್. ಹಳೆಯದು ಸತ್ತ ಮೇಲೆ ಸೋದರಮಾವನ ಮಗ ತನಗೆ ಬೇಡವಾದ, ಹಿಟ್ಟಿನ ಗಿರಣಿಯಂತೆ ಸದ್ದು ಮಾಡುವ ದೊಡ್ಡ ಪೆಟ್ಟಿಗೆಯೊಂದನ್ನು ಪ್ರೀತಿಯಿಂದ ದಾಟಿಸಿದ್ದ. ಅದನ್ನು ಆಚೆ ಇಡೋಣವೆಂದರೆ ಮೈಕಿನ ತಂತಿ ಅಷ್ಟು ದೂರಕ್ಕೆ ಎಟುಕುವುದಿಲ್ಲ, ಇನ್ನೊಂದು ಕೋಣೆಯಲ್ಲೇ ಕೂತು ಓದೋಣವೆಂದರೆ ಅದು ಬೀದಿಗೆ ತೆರೆದುಕೊಂಡಿದೆ. ಆ ಸದ್ದನ್ನು ಸಾಫ್ಟ್‌ವೇರ್‌ನಿಂದ ಅಳಿಸಿದರೆ ನನ್ನ ದನಿ ಬಾವಿಯೊಳಗಿಂದ ಬಂದಂತಾಗುತ್ತದೆ.

ಇದನ್ನು ಅಪ್ಪನಿಗೆ ಹೇಳಿದ್ದು ತಪ್ಪಾಯಿತು. ಹೇಳದಿದ್ದರೆ ಇನ್ನೂ ದೊಡ್ಡ ತಪ್ಪಾಗುತ್ತಿತ್ತು. ಮೂವತ್ತೊಂದು ವರ್ಷ ಹೋಟೆಲಿನ ಅಡುಗೆಮನೆ, ಲಾಂಡ್ರಿ, ಮುದ್ರಣಾಲಯಗಳಿಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿ ನಿವೃತ್ತರಾದವರು ಅವರು. ಜೊತೆಗಾರರೆಲ್ಲ ‘ಗಾಳಿ ಮೇಸ್ತ್ರಿ’ ಎಂದೇ ಕರೆಯುತ್ತಿದ್ದರು.

“ಮನೇಲೇ ಮೇಸ್ತ್ರಿ ಇರುವಾಗ ಊರೆಲ್ಲ ಯಾಕೆ ಹುಡುಕ್ತೀಯಾ?” ಎಂದು ಗುರುವಾರ ಬೆಳಗ್ಗೆಯೇ ಪೆಟ್ಟಿಗೆ ಬಿಚ್ಚಿದರು.

ಒಳಗೆ ಬೆರಳು ದಪ್ಪ ಧೂಳು ಕೂತಿತ್ತು. ಪ್ರೊಸೆಸರ್ ಮೇಲೆ ಅಂಗೈಗಿಂತ ಚಿಕ್ಕ ಫ್ಯಾನೊಂದು ಜೀವ ಹೋಗುವ ಹಾಗೆ ತಿರುಗುತ್ತಿತ್ತು.

“ಚಿಕ್ಕ ರೆಕ್ಕೆ ಜಾಸ್ತಿ ಓಡ್ಬೇಕು, ಜಾಸ್ತಿ ಓಡಿದ್ರೆ ಜಾಸ್ತಿ ಬೊಗಳುತ್ತೆ. ದೊಡ್ಡ ರೆಕ್ಕೆ ನಿಧಾನಕ್ಕೆ ತಿರುಗಿದ್ರೂ ಅಷ್ಟೇ ಗಾಳಿ ಬರುತ್ತೆ,” ಅಂದರು ಅಪ್ಪ.

ಇದು ನಿಜ. ನಾನು ಒಪ್ಪಿಕೊಂಡೆ. ಅಂಗಡಿಗೆ ಹೋಗಿ ಅಗಲ ರೆಕ್ಕೆಯ ಮೂರು ಫ್ಯಾನ್ ತಂದೆವು. ಜೊತೆಗೆ ತಗಡಿನ ಹಾಳೆಗಳನ್ನು ಒತ್ತೊತ್ತಾಗಿ ಜೋಡಿಸಿದ, ಶಾಖ ಹೀರುವ, ಇಟ್ಟಿಗೆಯಷ್ಟು ದೊಡ್ಡ ಹೀಟ್‌ಸಿಂಕ್. ಅಪ್ಪ ಪ್ರೊಸೆಸರ್ ಮೇಲೆ ಒಣಗಿದ್ದ ಹಳೇ ಪೇಸ್ಟ್ ಕೆರೆದು ಹೊಸದು ಹಚ್ಚಿ ಅದನ್ನು ಕೂರಿಸಿದರು. ಮೂಗಿಗಿಂತ ಮೂಗುತಿ ಭಾರವಾಯಿತು, ಪ್ರೊಸೆಸರ್ ಕಣ್ಣಿಗೇ ಬೀಳದಾಯಿತು. ತಗಡು ನಡುಗಬಾರದೆಂದು ಫ್ಯಾನುಗಳಿಗೆ ಸ್ಕ್ರೂ ಬದಲು ರಬ್ಬರ್ ಗೂಟ ಹಾಕಿದರು. ನಾನು ಸೆಟ್ಟಿಂಗ್‌ಗೆ ಹೋಗಿ ಎಲ್ಲದರ ವೇಗ ಅರ್ಧಕ್ಕಿಳಿಸಿದೆ. ಕೊನೆಗೆ ಅಪ್ಪ ಪೆಟ್ಟಿಗೆಯ ಒಂದೊಂದು ಸಂದಿಗೂ ಬೆಳ್ಳಿ ಬಣ್ಣದ ಟೇಪ್ ಅಂಟಿಸಿದರು. ಸಂದಿಯಲ್ಲಿ ಗಾಳಿ ಸೋರಿದರೆ ಮೇಸ್ತ್ರಿಯ ಮರ್ಯಾದೆ ಹೋಗುತ್ತದಂತೆ.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಮೈಕ್ ಮುಂದೆ ಕೂತೆ. ಎರೆಹುಳುವಿನ ಜೀರ್ಣಾಂಗ ವ್ಯೂಹದ ಪಾಠ. ಒಂಬತ್ತನೇ ನಿಮಿಷಕ್ಕೆ, ಆಹಾರ ಇನ್ನೂ ಹುಳುವಿನ ಅನ್ನನಾಳದಲ್ಲಿರುವಾಗ, ಪರದೆ ಕಪ್ಪಾಯಿತು. ಪೆಟ್ಟಿಗೆ ಮುಟ್ಟಿ ನೋಡಿದರೆ ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು.

ಬಿಚ್ಚಿ ನೋಡಿದೆವು. ಮುಂದಿನ ಫ್ಯಾನ್ ಮುಂದಕ್ಕೆ ಗಾಳಿ ತಳ್ಳುತ್ತಿತ್ತು, ಹಿಂದಿನದು ಹಿಂದಕ್ಕೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ.

ಬಾಗಿಲಲ್ಲಿ ನಿಂತಿದ್ದ ಅಮ್ಮ ತನ್ನ ಮೆತ್ತನೆಯ ದನಿಯಲ್ಲಿ, “ಒಳಗೆ ಬರೋಕೇ ದಾರಿ ಇಲ್ಲ. ಹೊರಗೆ ಹೋಗೋದಕ್ಕೆ ಗಾಳಿ ಎಲ್ಲಿಂದ ಬರ್ಬೇಕು?” ಅಂದಳು.

“ಏನಂತೆ?” ಎಂದು ಅಪ್ಪ ನನ್ನನ್ನು ಕೇಳಿದರು. ನಾನು ಅವಳ ಮಾತನ್ನೇ ಇನ್ನೊಮ್ಮೆ ಹೇಳಿದೆ.

ಮೂವತ್ತೊಂದು ವರ್ಷ ಗಾಳಿಯನ್ನು ಹೊರಗೆ ಹಾಕಿದವರು ಅಪ್ಪ. ಒಳಗೆ ಬರುವ ಗಾಳಿಯ ಯೋಚನೆ ಅವರಿಗೆ ಒಂದು ದಿನವೂ ಬಂದಿರಲಿಲ್ಲ. ಎಲ್ಲಿ ಹೋದರೂ ಬಾಗಿಲು, ಕಿಟಕಿ ಮೊದಲೇ ಇರುತ್ತಿದ್ದವು.

“ಬರೋ ಗಾಳಿ ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ. ಅದು ಬಡಗಿಗಳದ್ದು,” ಅಂದರು. ಆದರೂ ಟೇಪ್ ಕಿತ್ತು, ಮುಂದಿನ ಫ್ಯಾನನ್ನು ಒಳಮುಖ ಮಾಡಿ ಕೂರಿಸಿದರು.

ಮೂರು ಗಂಟೆಗೆ ಶಾಖ ನಲವತ್ತೆಂಟು ಡಿಗ್ರಿಯಲ್ಲಿ ನಿಂತು, ಜಪ್ಪಯ್ಯ ಅಂದರೂ ಮೇಲೇರಲಿಲ್ಲ. ಗಿರಣಿ ಹೋಗಿತ್ತು. ಗಿರಣಿ ಹೋದ ಮೇಲೆ ಅದರ ಅಡಿಯಲ್ಲಿದ್ದ ಇನ್ನೊಂದು ಸದ್ದು ಕೇಳಿಸಿತು. ಸೂಜಿಯಷ್ಟು ಸಣ್ಣದೊಂದು ಸಿಳ್ಳೆ.

“ಎಲ್ಲಿ ಸಿಳ್ಳೆ?” ಅಪ್ಪ ಪೆಟ್ಟಿಗೆಗೆ ಕಿವಿ ಆನಿಸಿದರು. “ಏನೂ ಇಲ್ವಲ್ಲ.”

“ಇದೆ ಅಪ್ಪ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಓದೋಕೆ ಸೋಮಾರಿತನ, ಅದಕ್ಕೆ ನನ್ನ ಕೆಲಸಕ್ಕೆ ಹೆಸರಿಡ್ತೀಯಾ?”

ನಾನು ಅಮ್ಮನ ಕಡೆ ನೋಡಿದೆ. ಅವಳಿಗೂ ಸಿಳ್ಳೆ ಕೇಳಿಸುತ್ತಿತ್ತು. ಆದರೆ ಅವಳು ಬೇಡ ಎನ್ನುವಂತೆ ಸಣ್ಣಗೆ ತಲೆ ಆಡಿಸಿದಳು. ಏನು ಬೇಡ ಎಂದು ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

ಅಷ್ಟು ಹೊತ್ತಿಗೆ ಮೂರೂವರೆ. ಸಿಳ್ಳೆ ಸಮೇತ ಕಳಿಸಿದರೆ ಅಪ್ಪನ ಮೇಸ್ತ್ರಿತನ ಉಳಿಯುತ್ತಿತ್ತು, ನನ್ನ ಹೆಸರು ಹೋಗುತ್ತಿತ್ತು. ಒಳ್ಳೆಯ ಮಗಳಾದರೆ ಏನು ಮಾಡುತ್ತಿದ್ದಳೋ ಗೊತ್ತಿಲ್ಲ. ನನಗೆ ನನ್ನ ಕೆಲಸ ಬೇಕಿತ್ತು.

“ಸಿಳ್ಳೆ ಇದೆ ಅಪ್ಪ. ನಿಮಗೆ ಕೇಳಿಸ್ತಾ ಇಲ್ಲ.”

ಹೇಳಿ ಮುಗಿಸುವ ಮೊದಲೇ ನಾಚಿಕೆಯಾಯಿತು. ಅಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟರು. ಅಮ್ಮನ ಮುಖ ನೋಡಿ, “ನಿಂಗೂ ಕೇಳಿಸ್ತಿದೆಯಾ?” ಅಂದರು. ಅಮ್ಮ ಹೌದೆಂದು ತಲೆಯಾಡಿಸಿದಳು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಸರಿ. ನಾನು ಮುಟ್ತಾ ಹೋಗ್ತೀನಿ. ಇದ್ರೆ ಇದೆ ಅನ್ನು, ನಿಂತ್ರೆ ನಿಂತಿತು ಅನ್ನು.”

ಅವರು ಪೆಟ್ಟಿಗೆಯ ಮೇಲೆ ಬೆರಳಾಡಿಸುತ್ತ ಹೋದರು. ನಾನು ಹಾಜರಿ ಹೇಳುವವಳ ಹಾಗೆ ಇದೆ, ಇದೆ, ಇದೆ ಎನ್ನುತ್ತ ಕೂತೆ. ಹಿಂದಿನ ಫ್ಯಾನಿನ ಹೊರಗಿದ್ದ ತೂತಿನ ತಗಡಿಗೆ ಅಂಗೈ ಒತ್ತಿದಾಗ “ನಿಂತಿತು” ಅಂದೆ. ಕೈ ತೆಗೆದರು, “ಇದೆ” ಅಂದೆ. ಸಣ್ಣ ಸಣ್ಣ ತೂತುಗಳಲ್ಲಿ ಗಾಳಿ ನುಸುಳುವಾಗ ಸಿಳ್ಳೆ ಹೊಡೆಯುತ್ತಿತ್ತು. ಅಪ್ಪ ವಿದ್ಯುತ್ ತೆಗೆದು, ಫ್ಯಾನ್ ಬಿಚ್ಚಿ, ಚೂರು ಒಳಗೆ ಬೀಳದಂತೆ ಟವೆಲ್ ಹೊದಿಸಿ, ಆ ತಗಡನ್ನು ದುಂಡಗೆ ಕತ್ತರಿಸಿ ತೆಗೆದರು. ಅಂಚಿಗೆ ಅರ ಉಜ್ಜಿದರು. ಮತ್ತೆ ಎಲ್ಲ ಜೋಡಿಸಿ ಚಾಲೂ ಮಾಡಿದಾಗ ಅವರು ಪೆಟ್ಟಿಗೆಗೆ ಕಿವಿ ಕೊಡಲಿಲ್ಲ, ನನ್ನ ಮುಖ ನೋಡಿದರು.

“ನಿಂತಿತು,” ಅಂದೆ.

ನಾಲ್ಕೂ ಇಪ್ಪತ್ತಕ್ಕೆ ಖಾಲಿ ನಿಮಿಷ ಮುದ್ರಿಸಿದೆವು. ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಆಮೇಲೆ ಅವರಿಬ್ಬರನ್ನೂ ಆಚೆ ಕಳಿಸಿ ಎರೆಹುಳುವನ್ನು ಒಂದೇ ಏಟಿಗೆ ಬಾಯಿಂದ ಬಾಲದವರೆಗೆ ಓದಿ ಮುಗಿಸಿದೆ. ಕಳಿಸಿದಾಗ ನಾಲ್ಕೂ ಐವತ್ತಾರು.

ಐದೂವರೆಗೆ ಸಾಹೇಬರ ಉತ್ತರ ಬಂತು. ‘ಗಿರಣಿ ಮುಚ್ಚಿದೆ. ಮುಂದಿನ ಪುಸ್ತಕ ಸೋಮವಾರ.’ ಅಡುಗೆಮನೆಗೆ ಹೋಗಿ ಅಪ್ಪನಿಗೆ ತೋರಿಸಿದೆ. ಎರಡು ಸಲ ಓದಿ, “ಆಗ್ಲಿ,” ಅಂದರು. ಅಮ್ಮ ಅತ್ತ ಮುಖ ಮಾಡಿ ಪಾತ್ರೆ ತೊಳೆಯುತ್ತಿದ್ದಳು. ಅಪ್ಪ ಅವಳ ಬೆನ್ನಿಗೇ ಕೇಳಿದರು.

“ನನ್ನ ಕಿವಿ ವಿಷಯ ನಿಂಗೆ ಮೊದಲೇ ಗೊತ್ತಿತ್ತು ಅಲ್ವಾ? ಒಂದು ಮಾತು ನಂಗೆ ಹೇಳ್ಬಾರ್ದಿತ್ತಾ?”

“ಎಷ್ಟೋ ಸಲ ಹೇಳಿದೀನಿ,” ಅಂದಳು ಅಮ್ಮ, ತಿರುಗದೆಯೇ.

ಅಪ್ಪ ಉತ್ತರಕ್ಕಾಗಿ ಕಾದರು. ಇನ್ನೂ ಸ್ವಲ್ಪ ಕಾದು ನನ್ನ ಕಡೆ ತಿರುಗಿದರು.

“ಹೇಳಿದಾಳಂತೆ ಅಪ್ಪ,” ಅಂದೆ, ಗಟ್ಟಿಯಾಗಿ. “ಎಷ್ಟೋ ಸಲ ಹೇಳಿದಾಳಂತೆ.”